ತಲೆ ಎತ್ತಿದ ಹುಡುಗ, ತಕರಾರು ಎತ್ತಿದ ಅಭಿಮಾನಿಗಳು: ‘ಡನ್ಕರ್ಕ್’ ಟೀಸರ್ ಪ್ರಕರಣ

2016ರ ಆಗಸ್ಟ್ 4ರಂದು ವಾರ್ನರ್ ಬ್ರದರ್ಸ್ ಸಂಸ್ಥೆ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರ ‘ಡನ್ಕರ್ಕ್’ ಚಿತ್ರದ ಮೊದಲ ಟೀಸರ್ ಬಿಟ್ಟಿತು. ಅವಧಿ ಒಂದು ನಿಮಿಷಕ್ಕೆ ತುಸು ಹೆಚ್ಚು. ಚಿತ್ರ ತೆರೆಗೆ ಬರಬೇಕಿದ್ದದ್ದು ಮರುವರ್ಷದ ಜುಲೈ 21ಕ್ಕೆ, ಅಂದರೆ ಸುಮಾರು ಒಂದು ವರ್ಷ ಆಚೆಗೆ. ಅಷ್ಟೇಕೆ, ಚಿತ್ರೀಕರಣವೇ ಇನ್ನೂ ಮುಗಿದಿರಲಿಲ್ಲ. ಹಾಗಾಗಿ ಅದನ್ನು ಚಿತ್ರದ ತುಣುಕು ಅನ್ನುವುದಕ್ಕಿಂತ ಚಿತ್ರದ ಘೋಷಣೆ ಅನ್ನುವುದೇ ಸರಿ. ಇಂಥದ್ದೊಂದು ಸಿನಿಮಾ ಬರುತ್ತಿದೆ, ನೆನಪಿಟ್ಟುಕೊಳ್ಳಿ ಎಂದು ಹೇಳಿ ಹೋಗುವ ಕೆಲಸ ಅದರದ್ದು.

ಅದರಲ್ಲಿ ಇದ್ದದ್ದೂ ಕಡಿಮೆಯೇ. ಬೂದು ಬಣ್ಣದ ಆಕಾಶ, ಬೂದು ಬಣ್ಣದ ಕಡಲು, ಮರಳಿನ ಮೇಲೆ ಸೈನಿಕರು. ಕೊನೆಗೆ, ಮೋಲ್ ಎಂದು ಕರೆಯುವ ಉದ್ದನೆಯ ಅಲೆತಡೆ ಕಟ್ಟೆಯ ಮೇಲೆ ಒತ್ತೊತ್ತಾಗಿ ನಿಂತ ಗುಂಪು. ದೂರದಲ್ಲೊಂದು ಸದ್ದು ಏರುತ್ತಾ ಬರುತ್ತದೆ. ಹುಡುಗನೊಬ್ಬ ತಲೆ ಎತ್ತುತ್ತಾನೆ. ಮಿಕ್ಕವರಿಗೂ ಕೇಳಿಸುತ್ತದೆ. ನಿಂತ ಜಾಗದಲ್ಲೇ ಎಲ್ಲರೂ ಕುಗ್ಗಿ ಕೂರುತ್ತಾರೆ, ಓಡಲು ಜಾಗವಿಲ್ಲ. ಅಲ್ಲಿಗೆ ಟೀಸರ್ ಮುಗಿಯುತ್ತದೆ. ಸಂಭಾಷಣೆ ಇಲ್ಲ, ನಾಯಕ ಯಾರೆಂದು ಗೊತ್ತಾಗುವುದಿಲ್ಲ, ಶತ್ರು ಕಾಣುವುದಿಲ್ಲ.

ಈ ಒಂದು ನಿಮಿಷಕ್ಕೆ ಬಂದ ಪ್ರತಿಕ್ರಿಯೆಗಳನ್ನು ಒಂದು ಪ್ರಕರಣವಾಗಿ ನೋಡಲು ಕಾರಣವಿದೆ. ಯುದ್ಧಚಿತ್ರದ ಟೀಸರ್ ಬಂದಾಗ ಅಭಿಮಾನಿಗಳು ಸಾಮಾನ್ಯವಾಗಿ ಕಂಡದ್ದರ ಬಗ್ಗೆ ಮಾತಾಡುತ್ತಾರೆ: ಟ್ಯಾಂಕ್ ಯಾವ ಮಾದರಿ, ಸಮವಸ್ತ್ರ ಸರಿಯೇ, ಸ್ಫೋಟ ಅಸಲಿಯೋ ಗ್ರಾಫಿಕ್ಸೋ. ಇಲ್ಲಿ ಚರ್ಚೆಯ ಬಹುಪಾಲು ಕಾಣದೇ ಹೋದದ್ದರ ಮೇಲೆ ನಡೆಯಿತು. ಜನ ಎಲ್ಲಿ? ರಕ್ತ ಎಲ್ಲಿ? ಕಥೆ ಎಲ್ಲಿ? ಚಿತ್ರ ಬಂದ ಮೇಲೆ ಹಿಂತಿರುಗಿ ನೋಡಿದರೆ, ಹೊಗಳಿದವರಿಗಿಂತ ಗೊಣಗಿದವರೇ ಚಿತ್ರದ ಸ್ವಭಾವವನ್ನು ಹೆಚ್ಚು ಸರಿಯಾಗಿ ಹಿಡಿದಿದ್ದರು ಅನ್ನುವುದು ನನ್ನ ಅಭಿಪ್ರಾಯ. ಕೊರತೆಯನ್ನು ಸರಿಯಾಗಿ ಗುರುತಿಸಿದ್ದರು, ಕಾರಣವನ್ನು ಮಾತ್ರ ತಪ್ಪಾಗಿ ಊಹಿಸಿದ್ದರು.

ಘಟನೆಯ ಹಿನ್ನೆಲೆ

1940ರ ಮೇ ತಿಂಗಳಲ್ಲಿ ಜರ್ಮನ್ ಪಡೆಗಳು ಬ್ರಿಟಿಷ್, ಫ್ರೆಂಚ್ ಮತ್ತು ಬೆಲ್ಜಿಯನ್ ಸೈನ್ಯಗಳನ್ನು ಫ್ರಾನ್ಸಿನ ಉತ್ತರ ತುದಿಗೆ, ಡನ್ಕರ್ಕ್ ಎಂಬ ಬಂದರು ಊರಿನ ಕಡೆಗೆ ತಳ್ಳಿಕೊಂಡು ಬಂದವು. ಹಿಂದೆ ಶತ್ರು, ಮುಂದೆ ಸಮುದ್ರ. ಅವರನ್ನು ಸಮುದ್ರ ದಾಟಿಸಿ ಕರೆತರಲು ಇಂಗ್ಲೆಂಡಿನ ಡೋವರ್‌ನಲ್ಲಿ ಕುಳಿತು ವೈಸ್ ಅಡ್ಮಿರಲ್ ಬರ್ಟ್ರಮ್ ರಾಮ್ಸೆ ನಡೆಸಿದ ‘ಆಪರೇಷನ್ ಡೈನಮೊ’ ಮೇ 26ರಿಂದ ಜೂನ್ 4ರವರೆಗೆ ನಡೆಯಿತು. 3,38,226 ಸೈನಿಕರು ಪಾರಾದರು. ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಫ್ರೆಂಚರು. ಎಂಟು ನೂರಕ್ಕೂ ಹೆಚ್ಚು ಹಡಗು ಮತ್ತು ದೋಣಿಗಳು ಕೆಲಸ ಮಾಡಿದವು. ಖಾಸಗಿ ಸಣ್ಣ ದೋಣಿಗಳ ಕಥೆಯೇ ಹೆಚ್ಚು ಪ್ರಸಿದ್ಧವಾದರೂ, ಪಾರಾದವರಲ್ಲಿ ಮೂರನೇ ಎರಡು ಭಾಗಕ್ಕೂ ಹೆಚ್ಚು ಮಂದಿ ಹಡಗು ಹತ್ತಿದ್ದು ಬಂದರು ಮತ್ತು ಆ ಅಲೆತಡೆ ಕಟ್ಟೆಯಿಂದ. ಹಡಗು ನಿಲ್ಲಿಸಲೆಂದು ಕಟ್ಟಿದ್ದಲ್ಲ ಅದು, ಅಲೆ ತಡೆಯಲು ಕಟ್ಟಿದ್ದು. ಅಲ್ಲಿಂದಲೂ ಜನ ಹತ್ತಿಸಬಹುದು ಎಂದು ಕಂಡುಕೊಂಡವರು ದಡದ ಉಸ್ತುವಾರಿ ಹೊತ್ತಿದ್ದ ಕ್ಯಾಪ್ಟನ್ ವಿಲಿಯಂ ಟೆನ್ನಂಟ್. ಟೀಸರ್ ತನ್ನ ಕೊನೆಯ ದೃಶ್ಯಕ್ಕೆ ದೋಣಿಗಳನ್ನು ಬಿಟ್ಟು ಈ ಕಟ್ಟೆಯನ್ನು ಆರಿಸಿಕೊಂಡಿತು. ಇತಿಹಾಸ ಓದಿಕೊಂಡಿದ್ದ ಅಭಿಮಾನಿಗಳಿಗೆ ಅದರಿಂದ ಖುಷಿಯಾಯಿತು.

ಬ್ರಿಟನ್ನಿಗೆ ಇದು ಮನೆಮನೆಯ ಕಥೆ. ಅಮೆರಿಕಕ್ಕೆ ಅಲ್ಲ, ಆ ದೇಶ ಯುದ್ಧಕ್ಕೆ ಇಳಿದದ್ದೇ 1941ರ ಡಿಸೆಂಬರ್‌ನಲ್ಲಿ. ಅಮೆರಿಕನ್ ಸ್ಟುಡಿಯೋ ಒಂದು, ಅಮೆರಿಕದವರೇ ಇಲ್ಲದ, ಗೆಲುವೂ ಅಲ್ಲದ ಘಟನೆಗೆ ಸುಮಾರು 10 ಕೋಟಿ ಡಾಲರ್ ಸುರಿಯುತ್ತಿತ್ತು. ಟೀಸರ್ ಅಷ್ಟು ಬೇಗ ಬಂದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಬಹಳಷ್ಟು ಪ್ರೇಕ್ಷಕರಿಗೆ ಊರಿನ ಹೆಸರಿನಿಂದಲೇ ಪರಿಚಯ ಮಾಡಿಕೊಡಬೇಕಿತ್ತು.

ಖಾಲಿ ಕಡಲತೀರ

ಅತಿ ಗಟ್ಟಿಯಾದ ತಕರಾರು ಇದೇ. ಲಕ್ಷಗಟ್ಟಲೆ ಸೈನಿಕರು ಸಿಕ್ಕಿಬಿದ್ದಿದ್ದ ದಡ ಇಷ್ಟು ಚೊಕ್ಕಟವಾಗಿ, ಇಷ್ಟು ಶಾಂತವಾಗಿ ಇರಲು ಸಾಧ್ಯವೇ? ಊರಿನ ತೈಲ ಟ್ಯಾಂಕ್‌ಗಳು ಹೊತ್ತಿ ಉರಿದು ಆಕಾಶಕ್ಕೆ ಕರಿ ಹೊಗೆ ಮುಚ್ಚಿಕೊಂಡಿತ್ತು. ದಾರಿಯುದ್ದಕ್ಕೂ ಬಿಟ್ಟುಹೋದ ಲಾರಿ, ಫಿರಂಗಿ, ಸಾಮಾನು ಚೆಲ್ಲಾಡಿದ್ದವು. ಹಳೆಯ ಫೋಟೋಗಳಲ್ಲಿ ಇವೆಲ್ಲ ಕಾಣುತ್ತವೆ. ಟೀಸರ್‌ನಲ್ಲಿ ಆ ಗಲೀಜು ಇಲ್ಲ.

ತಕರಾರಿನ ಹಿಂದೆ ಇನ್ನೊಂದು ಸಿನಿಮಾದ ನೆನಪೂ ಇತ್ತು. 2007ರ ‘ಅಟೋನ್ಮೆಂಟ್’ ಚಿತ್ರದಲ್ಲಿ ಇದೇ ಡನ್ಕರ್ಕ್ ದಡವನ್ನು ಸುಮಾರು ಐದು ನಿಮಿಷದ ಒಂದೇ ಶಾಟ್‌ನಲ್ಲಿ ತೋರಿಸಲಾಗಿತ್ತು. ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನ ರೆಡ್ಕಾರ್‌ನಲ್ಲಿ, ಸಾವಿರದಷ್ಟು ಸಹನಟರೊಂದಿಗೆ. ಕುದುರೆಗಳಿಗೆ ಗುಂಡು ಹೊಡೆಯುವವರು, ಹಾಡುವವರು, ಕುಡಿದವರು, ಹಿಂದೆ ತಿರುಗುತ್ತಿರುವ ಜಯಂಟ್ ವೀಲ್, ಎಲ್ಲ ಒಂದೇ ಉಸಿರಿನಲ್ಲಿ. ಆ ಶಾಟ್ ತಲೆಯಲ್ಲಿ ಕೂತವರಿಗೆ ನೋಲನ್ ಅವರ ದಡ ಬರಿದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿಂದ ಅಭಿಮಾನಿಗಳ ತರ್ಕ ಒಂದು ಹೆಜ್ಜೆ ಜಾರಿತು. ನೋಲನ್ ಗ್ರಾಫಿಕ್ಸ್ ಬಳಸಲು ಹಿಂಜರಿಯುತ್ತಾರೆ, ಅದಕ್ಕೇ ಜನ ಕಡಿಮೆ. ಸಹನಟರ ಖರ್ಚು ಉಳಿಸಿದ್ದಾರೆ. ಅಥವಾ ಇದಿನ್ನೂ ಅರೆಬೆಂದ ದೃಶ್ಯ, ಚಿತ್ರದಲ್ಲಿ ಜನ ತುಂಬಿಸುತ್ತಾರೆ. ಹೀಗೆ ಕಾರಣಗಳನ್ನು ಜೋಡಿಸಿಕೊಂಡರು. ಮೊದಲ ಊಹೆಯಲ್ಲಿ ಅರ್ಧ ಸತ್ಯವಿದೆ. ಚಿತ್ರೀಕರಣ ನಿಜವಾದ ಡನ್ಕರ್ಕ್ ದಡದಲ್ಲೇ, 2016ರ ಮೇ ಕೊನೆಯಲ್ಲಿ, ಅಂದರೆ ಘಟನೆ ನಡೆದ ಋತುವಿನಲ್ಲೇ ಶುರುವಾಗಿತ್ತು. ಅಲೆತಡೆ ಕಟ್ಟೆಯನ್ನು ಮತ್ತೆ ಕಟ್ಟಿದ್ದರು. ಸಾವಿರಕ್ಕೂ ಹೆಚ್ಚು ಸಹನಟರಿದ್ದರು. ಅವರ ಹಿಂದೆ ದೂರದಲ್ಲಿ ಜನ ಮತ್ತು ವಾಹನಗಳ ಜಾಗದಲ್ಲಿ ರಟ್ಟಿನ ಆಕೃತಿಗಳನ್ನು ನಿಲ್ಲಿಸಿದ್ದರು. ಕಂಪ್ಯೂಟರಿನಲ್ಲಿ ಲಕ್ಷ ಜನರನ್ನು ಎಣಿಸಿಟ್ಟು ಕೂರಿಸುವ ಕಾಲದಲ್ಲಿ ರಟ್ಟಿನ ಸೈನಿಕರು! ನನಗೆ ಇದು ಮೊಂಡುತನದಂತೆಯೂ ಕಾಣುತ್ತದೆ, ಮೆಚ್ಚುವಂತೆಯೂ ಕಾಣುತ್ತದೆ.

ಆದರೆ ಆ ಬರಿದುತನ ಕೇವಲ ಲೆಕ್ಕಾಚಾರದ ಫಲ ಎನ್ನಲು ಚಿತ್ರ ಬಿಡುವುದಿಲ್ಲ. ಇದು ಯುದ್ಧಚಿತ್ರಕ್ಕಿಂತ ಬದುಕುಳಿಯುವವರ ಕಥೆ, ಸಸ್ಪೆನ್ಸ್ ಚಿತ್ರ ಎಂದು ನೋಲನ್ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ನಕ್ಷೆ ಹರಡಿಕೊಂಡು ಮಾತಾಡುವ ಸೇನಾಧಿಪತಿಗಳು ಅವರಿಗೆ ಬೇಡವಾಗಿತ್ತು. ಸಸ್ಪೆನ್ಸಿಗೆ ಗಲಾಟೆ ಬೇಕಿಲ್ಲ, ಕಾಯುವಿಕೆ ಬೇಕು. ಸಾಲಾಗಿ ನಿಂತ ಜನ ಬೇಕು, ಆ ಸಾಲು ಮುಂದೆ ಸರಿಯಬಾರದು. ಬಟಾಬಯಲಲ್ಲಿ ನಿಂತವನಿಗೆ ಮೇಲಿನಿಂದ ಬರುವ ಬಾಂಬಿಗೆ ಮರೆ ಇರಬಾರದು. ಲಾರಿ, ಫಿರಂಗಿ, ಹೊಗೆ ತುಂಬಿದ್ದರೆ ಕಣ್ಣಿಗೆ ಅವಿತುಕೊಳ್ಳಲು ಜಾಗ ಸಿಗುತ್ತಿತ್ತು. ಬೃಹತ್ ಪರದೆಗೆಂದೇ ಇರುವ ಐಮ್ಯಾಕ್ಸ್ ಫಿಲ್ಮಿನಲ್ಲಿ, ಹೊಯ್ಟೆ ವಾನ್ ಹೊಯ್ಟೆಮಾ ಅವರ ಕ್ಯಾಮೆರಾದಲ್ಲಿ, ಆ ಖಾಲಿ ಜಾಗವೇ ಬೆದರಿಕೆಯಾಗುತ್ತದೆ. ಇದನ್ನು ಫೋನಿನ ಪರದೆಯಲ್ಲಿ ನೋಡಿದವರಿಗೆ ದಡ ಬರಿ ಖಾಲಿಯಾಗಿ ಕಂಡಿತು. ಟೀಸರ್ ಬಿಟ್ಟವರು ಈ ಅಂತರವನ್ನು ಯೋಚಿಸಿದ್ದರೋ ಇಲ್ಲವೋ.

ಇಷ್ಟಾದರೂ ಇತಿಹಾಸದ ದೃಷ್ಟಿಯಿಂದ ತಕರಾರು ಬಿದ್ದುಹೋಗುವುದಿಲ್ಲ. ಚಿತ್ರ ಬಂದ ಮೇಲೂ ದಡ ಖಾಲಿಯೇ ಇತ್ತು. ಟೀಸರ್ ನೋಡಿ ಗೊಣಗಿದವರು ಚಿತ್ರ ನೋಡಿಯೂ ಅದನ್ನೇ ಗೊಣಗಿದರು, ಮತ್ತು ಅವರು ಗೊಣಗಿದ್ದರಲ್ಲಿ ಹುರುಳಿತ್ತು.

ಕಿವಿಗೆ ಬಿದ್ದದ್ದು

ಟೀಸರ್ ಮೆಚ್ಚಿದವರಲ್ಲಿ ಬಹಳಷ್ಟು ಮಂದಿ ಮೆಚ್ಚಿದ್ದು ಆ ಕೊನೆಯ ಹತ್ತಾರು ಸೆಕೆಂಡುಗಳನ್ನು. ವಿಮಾನ ತೋರಿಸದೆ ವಿಮಾನದ ಭಯ ತೋರಿಸಿದ್ದು ಅವರಿಗೆ ಹಿಡಿಸಿತು. ಒಬ್ಬನ ಮುಖದಿಂದ ಶುರುವಾದ ಅರಿವು ಗುಂಪಿಗೆಲ್ಲ ಹರಡುವ ಆ ಗಳಿಗೆಗೆ ಮಾತಿನ ಅಗತ್ಯವಿರಲಿಲ್ಲ. ತಲೆ ಎತ್ತಿದ ಹುಡುಗ ಫಿನ್ ವೈಟ್‌ಹೆಡ್. ಆಗ ಸಿನಿಮಾದಲ್ಲಿ ಹೆಸರೇ ಕೇಳದ ಮುಖ. ಆ ಗಳಿಗೆ ಕೆಲಸ ಮಾಡಿದ್ದಕ್ಕೆ ಅವನು ಅಪರಿಚಿತನಾಗಿದ್ದದ್ದೂ ಒಂದು ಕಾರಣ. ತಾರೆಯೊಬ್ಬ ತಲೆ ಎತ್ತಿದ್ದರೆ, ಅವನಿಗೆ ಏನೂ ಆಗುವುದಿಲ್ಲ ಎಂಬ ಧೈರ್ಯ ನೋಡುವವರಿಗೆ ಮೊದಲೇ ಬಂದುಬಿಡುತ್ತಿತ್ತು.

ವಿಮಾನಗಳ ಹುಚ್ಚಿರುವವರ ಚರ್ಚೆ ಬೇರೆಯೇ ದಿಕ್ಕಿನಲ್ಲಿ ಹೋಯಿತು. ಆ ಸದ್ದು ಜರ್ಮನ್ನರ ಸ್ಟೂಕಾ ಬಾಂಬರಿನದ್ದು, ಅಂದರೆ ಜಂಕರ್ಸ್ 87ರದ್ದು. ನೇರ ಕೆಳಕ್ಕೆ ಎರಗುವಾಗ ಕೂಗುವ ಸೈರನ್ ಅದರ ಕೆಲವು ವಿಮಾನಗಳಿಗೆ ಇತ್ತು; ‘ಜೆರಿಕೊ ತುತ್ತೂರಿ’ ಎಂದೇ ಹೆಸರು. ಬಾಂಬಿಗಿಂತ ಮೊದಲು ಎದೆ ಒಡೆಯಲಿ ಎಂಬುದು ಅದರ ಉದ್ದೇಶ. ಯಾವ ವಿಮಾನಕ್ಕೆ ಸೈರನ್ ಇತ್ತು, ಯಾವಾಗ ತೆಗೆದರು ಎಂಬ ವಾದವನ್ನು ಬಲ್ಲವರು ದಿನಗಟ್ಟಲೆ ನಡೆಸಬಲ್ಲರು. ನಿಜವಾದ ಸ್ಟೂಕಾಗಳನ್ನೇ ಹಾರಿಸುತ್ತಾರೆಯೇ ಎಂಬ ಆಸೆಗಣ್ಣಿನ ಪ್ರಶ್ನೆಯೂ ಬಂತು. ಹಾರುವ ಸ್ಥಿತಿಯ ಸ್ಟೂಕಾ ಇಂದು ಜಗತ್ತಿನಲ್ಲಿ ಒಂದೂ ಇಲ್ಲ. ಪೂರ್ತಿಯಾಗಿ ಉಳಿದ ಎರಡು ಶಿಕಾಗೋ ಮತ್ತು ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಕೂತಿವೆ. ಚಿತ್ರಕ್ಕೆ ಬಳಸಿದ್ದು ರೇಡಿಯೋದಿಂದ ನಡೆಸುವ ದೊಡ್ಡ ಮಾದರಿಗಳನ್ನು. ಬ್ರಿಟಿಷರ ಸ್ಪಿಟ್‌ಫೈರ್ ಯುದ್ಧವಿಮಾನಗಳು ಮಾತ್ರ ನಿಜವಾದವು. ಜರ್ಮನ್ ಮೆಸ್ಸರ್‌ಶ್ಮಿಟ್ ಪಾತ್ರಕ್ಕೆ ಅದೇ ವಂಶದ ಸ್ಪೇನಿನ ಬುಚೋನ್ ವಿಮಾನ ಬಂತು. ಅದರ ಮೂತಿಗೆ ಹಳದಿ ಬಣ್ಣ ಬಳಿದಿದ್ದರು. ಆ ಬಣ್ಣ ಬಳಕೆಗೆ ಬಂದದ್ದು ಡನ್ಕರ್ಕ್ ಮುಗಿದ ಮೇಲೆ ಎಂದು ಬಲ್ಲವರು ಚಿತ್ರ ಬಂದಾಗ ಹಿಡಿದುಹಾಕಿದರು. ಆಕಾಶದ ಜಟಾಪಟಿಯಲ್ಲಿ ಯಾರು ಯಾರೆಂದು ಪ್ರೇಕ್ಷಕನಿಗೆ ಗೊತ್ತಾಗಲೆಂದು ಬೇಕೆಂದೇ ಮಾಡಿದ ತಪ್ಪು ಅದು.

ಸದ್ದಿನ ವಿಷಯದಲ್ಲಿ ಟೀಸರ್ ಕೊಟ್ಟ ಮಾತನ್ನು ಚಿತ್ರ ಉಳಿಸಿಕೊಂಡಿತು, ಬಡ್ಡಿ ಸಮೇತ. ಹಾನ್ಸ್ ಜಿಮ್ಮರ್ ಅವರ ಸಂಗೀತದಲ್ಲಿ ನೋಲನ್ ಅವರದೇ ಕೈಗಡಿಯಾರದ ಟಿಕ್ ಟಿಕ್ ಸೇರಿದೆ. ಜೊತೆಗೆ ಶೆಪರ್ಡ್ ಟೋನ್ ಎಂಬ ಶ್ರವಣಭ್ರಮೆ: ಬೇರೆ ಬೇರೆ ಸ್ಥಾಯಿಯ ಸ್ವರಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನದು ಕರಗುತ್ತಿದ್ದಂತೆ ಕೆಳಗಿನದು ಏಳುವ ಹಾಗೆ ಮಾಡಿದರೆ, ಸದ್ದು ಏರುತ್ತಲೇ ಇದೆ ಎಂದು ಕಿವಿಗೆ ಅನಿಸುತ್ತದೆ, ತುದಿ ಎಂಬುದೇ ಬರುವುದಿಲ್ಲ. ಚಿತ್ರಕಥೆಯನ್ನೂ ಇದೇ ತತ್ವದ ಮೇಲೆ ಬರೆದೆ ಎಂದು ನೋಲನ್ ಹೇಳಿದ್ದಾರೆ. 2018ರ ಆಸ್ಕರ್‌ನಲ್ಲಿ ಚಿತ್ರಕ್ಕೆ ಸಿಕ್ಕ ಮೂರು ಪ್ರಶಸ್ತಿಗಳಲ್ಲಿ ಎರಡು ಧ್ವನಿಗೆ, ಒಂದು ಸಂಕಲನಕ್ಕೆ.

ರಕ್ತ, ಮತ್ತು ರಕ್ತ ಬೇಕೆಂದವರು

1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದ ಮೊದಲ ಇಪ್ಪತ್ತು ಚಿಲ್ಲರೆ ನಿಮಿಷ ನೋಡಿ ಬೆಳೆದ ಪೀಳಿಗೆಗೆ, ಕಡಲತೀರದ ಯುದ್ಧ ಅಂದರೆ ಕತ್ತರಿಸಿದ ಕೈಕಾಲು, ಕೆಂಪಾದ ನೀರು. ಆ ಚಿತ್ರದ ನಂತರ ಬಂದ ಪ್ರತಿ ಯುದ್ಧಚಿತ್ರಕ್ಕೂ ಆ ಅಳತೆಗೋಲು ತಪ್ಪಿದ್ದಲ್ಲ. ‘ಡನ್ಕರ್ಕ್’ಗೆ ಅಮೆರಿಕದಲ್ಲಿ ಪಿಜಿ-13 ರೇಟಿಂಗ್ ಸಿಕ್ಕಾಗ ಅನುಮಾನ ಇನ್ನಷ್ಟು ಬಲಿಯಿತು: ಮಕ್ಕಳಿಗೂ ಟಿಕೆಟ್ ಮಾರಲು ಯುದ್ಧವನ್ನು ತೊಳೆದು ಒಣಗಿಸಿದ್ದಾರೆ ಎಂದು.

ಈ ತಕರಾರನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಗಾಯ ತೋರಿಸಿದರೆ ಪ್ರೇಕ್ಷಕ ಕಣ್ಣು ಮುಚ್ಚಿಕೊಳ್ಳುತ್ತಾನೆ. ಮುಂದೇನಾಗುತ್ತದೋ ಎಂಬ ಭಯ ತೋರಿಸಿದರೆ ಕಣ್ಣು ಕೀಳಲಾರ. ಎರಡೂ ಬೇರೆ ದಾರಿಗಳು, ಒಂದು ಇನ್ನೊಂದಕ್ಕಿಂತ ಪ್ರಾಮಾಣಿಕ ಎನ್ನಲು ಆಗದು. ಟೀಸರ್ ಯಾವ ದಾರಿ ಎಂಬುದನ್ನು ಮುಚ್ಚಿಡದೆ ಹೇಳಿಯೇ ಇತ್ತು. ಬಾಂಬು ಬೀಳುವ ಮೊದಲೇ ಅದು ಮುಗಿದಿತ್ತು.

ಗಾಯಕನ ಅಭಿಮಾನಿಗಳು

ಒನ್ ಡೈರೆಕ್ಷನ್ ಎಂಬ ಪಾಪ್ ಗಾಯನ ತಂಡದ ಹ್ಯಾರಿ ಸ್ಟೈಲ್ಸ್ ಅವರಿಗೆ ಇದು ಮೊದಲ ಸಿನಿಮಾ. ಅವರ ಅಭಿಮಾನಿಗಳು ಟೀಸರ್‌ನ ಪ್ರತಿ ಫ್ರೇಮ್ ನಿಲ್ಲಿಸಿ ಹುಡುಕಿದರು. ಟೀಸರ್ ಅವರನ್ನು ಮುಂದಕ್ಕೆ ತಂದಿರಲಿಲ್ಲ. ಯುದ್ಧಚಿತ್ರದ ಖಾಯಂ ಗಿರಾಕಿಗಳು ಈ ಹುಡುಗಿಯರ ಸಡಗರ ನೋಡಿ ಮೂಗು ಮುರಿದರು. ಮೂಗು ಮುರಿದವರಿಗೆ ಒಂದು ವಿಷಯ ಹೊಳೆಯಲಿಲ್ಲ: ನಿಜವಾದ ಡನ್ಕರ್ಕ್ ದಡದಲ್ಲಿ ಇದ್ದವರಲ್ಲಿ ಎಷ್ಟೋ ಜನ ಅದೇ ವಯಸ್ಸಿನ ಹುಡುಗರೇ. ಚಿತ್ರದಲ್ಲಿ ಸ್ಟೈಲ್ಸ್ ಮಾಡಿದ ಅಲೆಕ್ಸ್ ಪಾತ್ರಕ್ಕೆ ಸಿಕ್ಕದ್ದು ಹೊಗಳಿಕೆಯೇ. ಹೆಚ್ಚು ಹೇಳುವಂಥದ್ದು ಇಲ್ಲಿ ಏನಿಲ್ಲ.

ಕಥೆ ಎಲ್ಲಿ?

ನೋಲನ್ ಅವರ ಖಾಸಾ ಅಭಿಮಾನಿಗಳ ಚಿಂತೆಯೇ ಬೇರೆ. ಕಾಲವನ್ನು ತಿರುಚಿ ಮಡಚಿ ಕಥೆ ಹೇಳುವವರು, ಕೊನೆ ಏನಾಯಿತೆಂದು ಎಲ್ಲರಿಗೂ ಗೊತ್ತಿರುವ ಇತಿಹಾಸಕ್ಕೆ ಯಾಕೆ ಕೈಹಾಕಿದರು? ಇದರಲ್ಲಿ ತಿರುವು ಎಲ್ಲಿಂದ ತರುತ್ತಾರೆ? ಸೀದಾ ಸಾದಾ ಚಿತ್ರ ಮಾಡುತ್ತಾರೆ ಎಂದು ಕೆಲವರು ನಿಟ್ಟುಸಿರು ಬಿಟ್ಟರು, ಕೆಲವರು ಸದ್ಯ ಎಂದರು.

ಎರಡೂ ಗುಂಪಿನ ಊಹೆ ತಪ್ಪಿತು. ಚಿತ್ರ ಮೂರು ಎಳೆಗಳಲ್ಲಿ ಸಾಗುತ್ತದೆ: ಕಟ್ಟೆಯ ಮೇಲೆ ಒಂದು ವಾರ, ಕಡಲಲ್ಲಿ ಒಂದು ದಿನ, ಆಕಾಶದಲ್ಲಿ ಒಂದು ಗಂಟೆ. ಮೂರನ್ನೂ ಹೆಣೆದು ಒಂದೇ ಹೊತ್ತಿನಲ್ಲಿ ನಡೆಯುತ್ತಿರುವಂತೆ ಕತ್ತರಿಸಲಾಗಿದೆ. ಒಂದು ಎಳೆಯಲ್ಲಿ ನಡೆದು ಮುಗಿದದ್ದು ಇನ್ನೊಂದರಲ್ಲಿ ಮುಂದೆ ನಡೆಯಲಿದೆ. 76 ಪುಟದ ಚಿತ್ರಕಥೆ, 106 ನಿಮಿಷದ ಚಿತ್ರ. ಟೀಸರ್ ಇದರ ಸುಳಿವನ್ನೇ ಕೊಡಲಿಲ್ಲ. ಆಗ ಚಿತ್ರ ಸಂಕಲನದ ಮೇಜಿಗೇ ಪೂರ್ತಿ ಬಂದಿರಲಿಲ್ಲವಲ್ಲ. ಟೀಸರ್ ನೋಡಿ ವಾತಾವರಣವನ್ನು ಅಳೆಯಬಹುದು, ರಚನೆಯನ್ನು ಅಳೆಯಲಾಗದು. ಅಭಿಮಾನಿಗಳು ಪ್ರತಿ ಸಲ ಎಡವುವುದು ಇಲ್ಲೇ.

ಅಭಿಮಾನಿಗಳಿಗೆ ತಿಳಿಯಬೇಕಿದ್ದ ಒಂದು ಸಂಗತಿ ಟೀಸರ್‌ನಲ್ಲಿ ಇರಲಿಲ್ಲ. ತೊಂಬತ್ತರ ದಶಕದಲ್ಲಿ ನೋಲನ್ ಮತ್ತು ಅವರ ಪತ್ನಿ, ನಿರ್ಮಾಪಕಿ ಎಮ್ಮಾ ಥಾಮಸ್ ಸಣ್ಣ ದೋಣಿಯೊಂದರಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಡನ್ಕರ್ಕ್‌ಗೆ ಹೋಗಿದ್ದರು. ಹವಾಮಾನ ಕೆಟ್ಟು 19 ಗಂಟೆ ಹಿಡಿಯಿತು, ಅದೂ ತಲೆ ಮೇಲೆ ಬಾಂಬು ಹಾಕುವವರು ಯಾರೂ ಇಲ್ಲದಿರುವಾಗ. ಈ ಚಿತ್ರದ ಹುಟ್ಟು ಅಲ್ಲಿದೆ ಎಂದು ಗೊತ್ತಿದ್ದರೆ, ತಿರುವು ಎಲ್ಲಿ ಎಂದು ಕೇಳುವವರು ದೂರ ಎಷ್ಟು, ಹೊತ್ತು ಎಷ್ಟು ಎಂದು ಕೇಳುತ್ತಿದ್ದರೇನೋ.

ಸ್ಟುಡಿಯೋ ಏನು ಮಾಡಿತು

ಡಿಸೆಂಬರ್ ಮಧ್ಯದಲ್ಲಿ ಬಂದ ಪೂರ್ಣ ಟ್ರೇಲರ್‌ನ ಸ್ವರವೇ ಬೇರೆ. ಅದರಲ್ಲಿ ಮಾತಿತ್ತು, ಗಡಿಯಾರದ ಸದ್ದಿತ್ತು, ಕೆನೆತ್ ಬ್ರಾನಾ, ಮಾರ್ಕ್ ರೈಲನ್ಸ್, ಟಾಮ್ ಹಾರ್ಡಿಯಂಥ ಗುರುತಿನ ಮುಖಗಳಿದ್ದವು. ಅದೇ ತಿಂಗಳು ‘ರೋಗ್ ವನ್’ ಚಿತ್ರದ ಜೊತೆ ಆಯ್ದ ಐಮ್ಯಾಕ್ಸ್ ಚಿತ್ರಮಂದಿರಗಳಲ್ಲಿ ‘ಡನ್ಕರ್ಕ್’ನ ಕೆಲವು ನಿಮಿಷಗಳ ಮುನ್ನೋಟವನ್ನು ತೋರಿಸಿದರು. ಅಭಿಮಾನಿಗಳ ಗೊಣಗಾಟ ಕೇಳಿಯೇ ಹೀಗೆ ಮಾಡಿದರು ಎನ್ನಲು ಆಧಾರವಿಲ್ಲ. ಮೊದಲು ಘೋಷಣೆ, ಆಮೇಲೆ ಟ್ರೇಲರ್ ಎಂಬುದು ಈ ವ್ಯಾಪಾರದ ಮಾಮೂಲಿ ಕ್ರಮ. ಆದರೂ ಮುನ್ನೋಟ ನೋಡಿ ಬಂದವರ ಮಾತಿನ ಧಾಟಿ ಬದಲಾಗಿತ್ತು ಎಂಬುದು ಮುಖ್ಯ. ಅದೇ ಖಾಲಿ ದಡ, ಅದೇ ಬೂದು ಆಕಾಶ. ಪರದೆ ಮಾತ್ರ ದೊಡ್ಡದು.

ಚಿತ್ರ 50 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು, ನೋಲನ್ ಅವರಿಗೆ ಮೊದಲ ಬಾರಿ ಅತ್ಯುತ್ತಮ ನಿರ್ದೇಶಕ ವಿಭಾಗದ ಆಸ್ಕರ್ ನಾಮನಿರ್ದೇಶನ ತಂದಿತು.

ಟೀಸರ್ ಕಾಲಕ್ಕೆ ದೊಡ್ಡದಾಗದ ಪ್ರಶ್ನೆ

2016ರ ಆಗಸ್ಟ್‌ನಲ್ಲಿ ಜನ ಸಾಲದು ಎಂದು ಲೆಕ್ಕ ಹಾಕಿದವರು, ಯಾವ ಜನ ಎಂದು ಅಷ್ಟಾಗಿ ಕೇಳಲಿಲ್ಲ. ಒಂದು ನಿಮಿಷದ ತುಣುಕಿನಲ್ಲಿ ಅದನ್ನು ಕೇಳುವುದು ಕಷ್ಟವೂ ಹೌದು. ಬಾಕಿ ಸೈನಿಕರು ಉಳಿದ ಚಿತ್ರದಲ್ಲಿ ಇರಬಹುದಲ್ಲ ಎಂಬ ಅನುಮಾನದ ಲಾಭ ಟೀಸರ್‌ಗೆ ಸದಾ ಸಿಗುತ್ತದೆ. ಮರುವರ್ಷದ ಜುಲೈಯಲ್ಲಿ ಆ ಲಾಭ ಮುಗಿಯಿತು. ಫ್ರಾನ್ಸಿನಲ್ಲಿ ‘ಲ ಮೋಂಡ್’ ಪತ್ರಿಕೆಯ ವಿಮರ್ಶೆ ಫ್ರೆಂಚ್ ಸೈನಿಕರೆಲ್ಲಿ ಎಂದು ಖಾರವಾಗಿ ಕೇಳಿತು. ಲಿಲ್ ಪಟ್ಟಣದಲ್ಲಿ ಫ್ರೆಂಚ್ ಪಡೆಗಳು ಮೇ 31ರವರೆಗೆ ಜರ್ಮನ್ನರನ್ನು ತಡೆದು ನಿಲ್ಲಿಸಿದ್ದವು. ಆ ತಡೆ ಇಲ್ಲದಿದ್ದರೆ ದಡದಲ್ಲಿ ಸಾಲು ನಿಲ್ಲಲು ಇನ್ನೂ ಕಡಿಮೆ ಹೊತ್ತು ಸಿಗುತ್ತಿತ್ತು.

ಭಾರತದಲ್ಲಿ ಬಂದ ಪ್ರಶ್ನೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನ ಹೇಸರಗತ್ತೆ ಕಂಪನಿಗಳ, ಅಂದರೆ ಸೈನಿಕ ತುಕಡಿಗಳ ಬಗ್ಗೆ. ಮೋಟಾರು ವಾಹನ ಹೋಗಲಾರದ ಕಡೆ ಸಾಮಾನು ಸಾಗಿಸಲೆಂದು 1939ರ ಡಿಸೆಂಬರ್‌ನಲ್ಲಿ ಮುಂಬೈಯಿಂದ ಹಡಗಿನಲ್ಲಿ ಮಾರ್ಸೇಗೆ ಹೋದ ನಾಲ್ಕು ಕಂಪನಿಗಳು ಅವು. ‘ಫೋರ್ಸ್ ಕೆ6’ ಎಂದು ಹೆಸರು. ಹೆಚ್ಚಿನವರು ಪಂಜಾಬಿನ ಮುಸಲ್ಮಾನರು. 22ನೇ ಕಂಪನಿ ಜರ್ಮನ್ನರ ಕೈಗೆ ಸೆರೆಸಿಕ್ಕಿತು, ಮಿಕ್ಕ ಮೂರು ಇಂಗ್ಲೆಂಡ್ ಮುಟ್ಟಿದವು. ಹೇಸರಗತ್ತೆಗಳನ್ನು ಬಿಟ್ಟುಬರಬೇಕಾಯಿತು. ಲಕ್ಷಗಳ ಲೆಕ್ಕದಲ್ಲಿ ಇವರು ಕೆಲವೇ ನೂರು ಮಂದಿ, ಚಿತ್ರದ ಮೂರು ಎಳೆಗಳಲ್ಲಿ ಅವರಿಗೆ ಜಾಗವಿಲ್ಲ ಎಂಬ ವಾದ ಇದೆ. ಪಾತ್ರ ಕೊಡಿ ಎಂದು ನಾನೂ ಕೇಳುವುದಿಲ್ಲ. ದಡದ ಮೇಲೆ ಸಾವಿರಾರು ಮುಖಗಳ ನಡುವೆ ಪೇಟ ಸುತ್ತಿದ ಒಂದಷ್ಟು ಮಂದಿ ಹಾದುಹೋಗಲು ಚಿತ್ರಕಥೆಯಲ್ಲಿ ಒಂದು ಸಾಲೂ ಬೇಕಿರಲಿಲ್ಲ.

ಫ್ರೆಂಚರ ವಿಷಯದಲ್ಲಿ ಚಿತ್ರ ತೀರಾ ಕುರುಡೇನಲ್ಲ. ಊರಿನ ಬೀದಿಯಲ್ಲಿ ಮರಳಿನ ಚೀಲಗಳ ಹಿಂದೆ ಕಾವಲು ನಿಂತವರು ಫ್ರೆಂಚರೇ. ಇಂಗ್ಲಿಷ್ ಸಮವಸ್ತ್ರ ತೊಟ್ಟು ಮಾತಾಡದೆ ಸಾಗುವ ‘ಗಿಬ್ಸನ್’ ಕೂಡ ಫ್ರೆಂಚ್ ಹುಡುಗ. ಇಂಗ್ಲಿಷರೆಲ್ಲ ಹೊರಟ ಮೇಲೆ, ಬ್ರಾನಾ ಮಾಡಿದ ಕಮಾಂಡರ್ ಬೋಲ್ಟನ್ ಫ್ರೆಂಚರಿಗಾಗಿ ಕಟ್ಟೆಯ ಮೇಲೇ ಉಳಿಯುತ್ತೇನೆ ಎನ್ನುತ್ತಾನೆ. ಆ ಉತ್ತರ ಸಾಕೋ ಸಾಲದೋ ಎಂದು ಫ್ರೆಂಚ್ ಪ್ರೇಕ್ಷಕರು ಜಗಳವಾಡಬಹುದು. ಭಾರತದವರಿಗೆ ಜಗಳವಾಡಲೂ ಚಿತ್ರದಲ್ಲಿ ಏನೂ ಇಲ್ಲ.